ಗೆದ್ದವನ ಹೆಸರು ಎಷ್ಟನೇ ಸಾಲಿನಲ್ಲಿ?

ಬಳ್ಳಾರಿಯ ರೈಲ್ವೆ ಗೇಟಿನಲ್ಲಿ ಅದಿರಿನ ಗೂಡ್ಸ್ ಗಾಡಿ ದಾಟಲೆಂದು ಕಾದು ರೂಢಿಯಿದ್ದವರಿಗೆ ನಮ್ಮ ಕ್ರೀಡಾ ಸುದ್ದಿಯ ಮೊದಲ ಸಾಲುಗಳು ಕಷ್ಟವೆನಿಸವು. ಮೊನ್ನೆ ಪರಿಚಯದ ತರುಣ ವರದಿಗಾರನೊಬ್ಬ ತನ್ನ ವರದಿ ತೋರಿಸಿದ. ‘ಪಟ್ಟಣದ ಪ್ರೌಢಶಾಲಾ ಮೈದಾನದಲ್ಲಿ ಜಾತ್ರೆಯ ಅಂಗವಾಗಿ ಯುವಕ ಮಂಡಳಿಯ ಆಶ್ರಯದಲ್ಲಿ ದಾನಿಗಳ ಸಹಯೋಗದೊಂದಿಗೆ ಭಾನುವಾರ ಹಮ್ಮಿಕೊಂಡಿದ್ದ ಕಬಡ್ಡಿ ಪಂದ್ಯಾವಳಿಗೆ ಚಾಲನೆ ನೀಡಿ ಅವರು ಮಾತನಾಡಿದರು.’ ಡಬ್ಬಿಯ ಹಿಂದೆ ಡಬ್ಬಿ. ಕೊನೆಗೆ ಗಾರ್ಡ್ ಡಬ್ಬಿಯಂತೆ ಒಂದು ಕ್ರಿಯಾಪದ. ಗಾಡಿ ದಾಟಿದ ಮೇಲೆ ಗೊತ್ತಾಯಿತು, ಅದರಲ್ಲಿ ಆಟಗಾರ ಇರಲೇ ಇಲ್ಲ.

ಈ ವಾಕ್ಯಕ್ಕೂ ಮುಂಚೆ ಇನ್ನೊಂದಿತ್ತು: ಕ್ರೀಡೆಯಿಂದ ದೈಹಿಕ, ಮಾನಸಿಕ ಸದೃಢತೆ ಸಾಧ್ಯ ಎಂದು ಮುಖ್ಯ ಅತಿಥಿಗಳು ಅಭಿಪ್ರಾಯಪಟ್ಟದ್ದು. ಸಿರುಗುಪ್ಪ, ಕುರುಗೋಡು, ಬಳ್ಳಾರಿ, ಡೇಟ್‌ಲೈನ್ ಯಾವುದೇ ಇರಲಿ, ಈ ಸಾಲು ಮಾತ್ರ ವರ್ಗಾವಣೆಯಾಗದ ನೌಕರನಂತೆ ಕುರ್ಚಿ ಬಿಡುವುದಿಲ್ಲ.

ತಪ್ಪನ್ನೆಲ್ಲ ಹುಡುಗನ ಮೇಲೆ ಹೊರಿಸಲಾರೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಇಂಗ್ಲಿಷಿನವನು ‘ಸೋಲಿಸಿದರು’ ಎಂಬುದನ್ನು ಎರಡನೇ ಪದಕ್ಕೇ ಹೇಳಿ, ಎಲ್ಲಿ, ಎಂದು, ಯಾರ ಆಶ್ರಯದಲ್ಲಿ ಎಂಬುದನ್ನೆಲ್ಲ ಬಾಲಕ್ಕೆ ಕಟ್ಟಬಲ್ಲ. ನಾವು ಅದೇ ಸರಕನ್ನು ಹೇರಲು ಹೋದರೆ ಎಲ್ಲವೂ ಕ್ರಿಯಾಪದದ ಮುಂದೆಯೇ ಕೂರುತ್ತದೆ. ‘ಯಾರು, ಏನು, ಎಲ್ಲಿ, ಯಾವಾಗ’ ಎಲ್ಲವೂ ಮೊದಲ ಸಾಲಿನಲ್ಲೇ ಬರಬೇಕೆಂಬ ಪಾಠ ನಮಗೆ ಇಂಗ್ಲಿಷ್ ಪತ್ರಿಕೋದ್ಯಮದಿಂದ ಬಂದದ್ದು. ಆ ಭಾಷೆಯ ಮೈಕಟ್ಟಿಗೆ ಹೊಲಿದ ಅಂಗಿ ಅದು. ಕನ್ನಡದ ಇಂಟ್ರೋ, ಅಂದರೆ ಸುದ್ದಿಯ ಆರಂಭ, ಚೆನ್ನಾಗಿರಬೇಕಾದರೆ ವಾಕ್ಯ ಚಿಕ್ಕದಿರಬೇಕು, ಒಂದಕ್ಕೆ ಬದಲು ಎರಡಾದರೂ ಸರಿ.

ದೊಡ್ಡವರನ್ನು ಮುಂದೆ ಕೂರಿಸುವ ಚಾಳಿಯಂತೂ ಪತ್ರಿಕೆಗಿಂತ ಹಳೆಯದು. ಕುರುಗೋಡು ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಸಾಮಂತರಾದ ಸಿಂದರ ರಾಜಧಾನಿ. ಆ ಕಾಲದ ಎಷ್ಟೋ ಶಾಸನಗಳನ್ನು ಓದಿ: ಮೊದಲು ‘ಸ್ವಸ್ತಿ’, ಆಮೇಲೆ ಚಕ್ರವರ್ತಿಯ ಬಿರುದುಗಳು, ಸಾಮಂತನ ಬಿರುದುಗಳು, ಶಕವರ್ಷ, ತಿಥಿ, ವಾರ. ಬೀರಗಲ್ಲಿನ ಬರಹವೂ ಸಾಮಾನ್ಯವಾಗಿ ಇದೇ ಜಾಡಿನದು. ತುರು ಬಿಡಿಸಲು ಹೋಗಿ ಸತ್ತವನ ಹೆಸರು ಬರುವ ಹೊತ್ತಿಗೆ ಎಷ್ಟೋ ಕಡೆ ಕಲ್ಲು ಸವೆದು ಅಕ್ಷರ ಅಳಿಸಿಹೋಗಿರುತ್ತದೆ. ಆದರೆ ಅದೇ ಕಲ್ಲಿನ ಶಿಲ್ಪಿಯನ್ನು ನೋಡಿ. ಮೂರು ಪಟ್ಟಿಕೆಗಳಲ್ಲಿ ಕೆಳಗಿನದು, ಕತೆಯಲ್ಲಿ ಮೊದಲು ಬರುವುದು, ಕಾಳಗದ್ದು. ಅಪ್ಸರೆಯರು ವೀರನನ್ನು ಒಯ್ಯುವುದು ಅದರ ಮೇಲೆ, ಕೈಲಾಸ ಎಲ್ಲಕ್ಕಿಂತ ಮೇಲೆ. ಬರೆಯುವವನಿಗೆ ಶಿಷ್ಟಾಚಾರ ಗೊತ್ತಿತ್ತು, ಕೆತ್ತುವವನಿಗೆ ಇಂಟ್ರೋ ಗೊತ್ತಿತ್ತು. ನಮ್ಮ ಸುದ್ದಿಮನೆಗಳು ಬರೆಯುವವನ ವಂಶ.

ಇದಕ್ಕೊಂದು ಲೌಕಿಕ ಕಾರಣವೂ ಇದೆ. ಉದ್ಘಾಟನೆ ಬೆಳಿಗ್ಗೆ, ಫೈನಲ್ ಹೊತ್ತು ಮುಳುಗಿದ ಮೇಲೆ. ‘ಅಷ್ಟೊತ್ತಿಗೆ ಪೇಜ್ ಹೋಗಿರ್ತೈತ್ರಿ ಸರ್’ ಅಂದ ಹುಡುಗ. ತಾಲ್ಲೂಕಿನ ಅರೆಕಾಲಿಕ ವರದಿಗಾರನೆಂದರೆ ಕೃಷಿ, ಅಪರಾಧ, ಜಾತ್ರೆ, ಕುಡಿಯುವ ನೀರು ಎಲ್ಲಕ್ಕೂ ಒಬ್ಬನೇ. ವೇದಿಕೆಯ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ತಾನಾಗಿ ಬರುತ್ತದೆ. ಅಂಕಣದ ಗೆರೆಯ ಪಕ್ಕ ಬಿಸಿಲಲ್ಲಿ ಕೂತರಷ್ಟೇ ಆಟ ಸಿಗುತ್ತದೆ.

ಆದರೆ ಈ ಸಲ ಅವನು ಫೈನಲ್‌ವರೆಗೂ ಇದ್ದನಂತೆ. ಬರೆದದ್ದನ್ನು ಮಡಚಿಡು, ಏನಾಯ್ತು ಹೇಳಪ್ಪ ಅಂದೆ. ‘ಕೊನೇ ರೇಡ್‌ನ್ಯಾಗ ಸಿರುಗುಪ್ಪದ ಹುಡುಗ್ರು ಎರಡು ಪಾಯಿಂಟ್ ಹಿಂದಿದ್ರಿ ಸರ್. ಹೋದಾತ ಬೋನಸ್ ಗೆರಿ ದಾಟಿದ, ಇಬ್ಬರನ್ನ ಮುಟ್ಟಿ ಬಂದ. ಮುಗೀತ್ರಿ, ಒಂದು ಪಾಯಿಂಟ್‌ಲೆ ಕಪ್!’ ಇದಕ್ಕಿಂತ ಒಳ್ಳೆಯ ಇಂಟ್ರೋ ನಾನು ಕಟ್ಟಲಾರೆ. ಬಾಯಿ ಬಲ್ಲದ್ದನ್ನು ಪೆನ್ನು ಮರೆಯುತ್ತದೆ. ಅದನ್ನೇ ಬರೆ ಅಂದರೆ ಹುಡುಗ ಥಟ್ಟನೆ ‘ರೋಚಕ ಹಣಾಹಣಿಯಲ್ಲಿ ಸಿಡಿಲಿನಂತೆ ಎರಗಿದ’ ಎಂದು ಶುರುಮಾಡಿದ. ಅದು ಇನ್ನೊಂದು ರೋಗ. ಎರಡು ಅಂಕ ಹಿಂದಿದ್ದರು ಎಂದಮೇಲೆ ರೋಚಕ ಎಂದು ಬೇರೆ ಹೇಳಬೇಕೆ?

ಇದು ಫಲಿತಾಂಶ ಯಾರಿಗೂ ಗೊತ್ತಿಲ್ಲದ ಪಂದ್ಯದ ಮಾತು. ಎಲ್ಲರಿಗೂ ಗೊತ್ತಿರುವ ಪಂದ್ಯದ ಕಷ್ಟ ಬೇರೆ. 2021ರ ಆಗಸ್ಟ್ 7ರ ಶನಿವಾರ ಸಂಜೆ ಟೋಕಿಯೊದಲ್ಲಿ ನೀರಜ್ ಚೋಪ್ರಾ 87.58 ಮೀಟರ್ ಜಾವೆಲಿನ್ ಎಸೆದು ಚಿನ್ನ ಗೆದ್ದದ್ದನ್ನು ಊರೆಲ್ಲ ಟಿ.ವಿ.ಯಲ್ಲಿ ನೋಡಿತ್ತು. ಭಾನುವಾರದ ಪತ್ರಿಕೆ ಅದನ್ನೇ ಮೊದಲ ಸಾಲಿನಲ್ಲಿ ಹೇಳಿದರೆ ತಂಗಳು. ಬಳ್ಳಾರಿಯ ಓದುಗನಿಗಾದರೆ ತೋರಣಗಲ್ಲಿನಿಂದ ಶುರುಮಾಡಬಹುದಿತ್ತು: 2019ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆಯಾದ ಮೇಲೆ ಆ ತೋಳು ಮತ್ತೆ ಪಳಗಿದ್ದು ಅಲ್ಲಿನ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ, ನಮ್ಮದೇ ಜಿಲ್ಲೆಯ ಬಿಸಿಲಿನಲ್ಲಿ. ಗೊತ್ತಿದ್ದ ಸುದ್ದಿಯನ್ನು ಹೊಸದಾಗಿ ಹೇಳುವ ಜಾಣತನಕ್ಕೆ 1882 ಹಳೆಯ ಉದಾಹರಣೆ. ಓವಲ್‌ನಲ್ಲಿ ಇಂಗ್ಲೆಂಡ್ ಆಸ್ಟ್ರೇಲಿಯಾಕ್ಕೆ 7 ರನ್‌ಗಳಿಂದ ಸೋತಾಗ ಲಂಡನ್ನಿನ ‘ಸ್ಪೋರ್ಟಿಂಗ್ ಟೈಮ್ಸ್’ ಪಂದ್ಯದ ಗೊಡವೆಗೇ ಹೋಗದೆ ಇಂಗ್ಲಿಷ್ ಕ್ರಿಕೆಟ್ಟಿನ ನಿಧನ ವಾರ್ತೆಯನ್ನು ಅಣಕವಾಗಿ ಹಾಕಿತು. ಆ ನಾಲ್ಕಾರು ಸಾಲಿನ ಬೂದಿಯೇ ಇವತ್ತಿಗೂ ‘ಆ್ಯಷಸ್’ ಎಂದು ಸರಣಿಯ ಹೆಸರಾಗಿ ಉಳಿದಿದೆ.

ಹುಡುಗ ಇಷ್ಟನ್ನೂ ತಾಳ್ಮೆಯಿಂದ ಕೇಳಿಸಿಕೊಂಡ. ಅವನ ವರದಿಯನ್ನು ಮತ್ತೆ ಬಿಚ್ಚಿದೆ. ವೇದಿಕೆಯಲ್ಲಿದ್ದ ಹನ್ನೊಂದು ಮಂದಿಯ ಹೆಸರು ಇನಿಷಿಯಲ್, ಹುದ್ದೆ ಸಮೇತ ಸರಿಯಾಗಿತ್ತು. ಆ ಕೊನೆಯ ರೇಡ್‌ಗೆ ಹೋದವನ ಹೆಸರೇನು ಎಂದೆ.

‘ಏಳನೇ ನಂಬರ್ ಜರ್ಸಿ ರೀ ಸರ್.’