ಯುಟಿಲಿಟಿ ಬಿಲ್ಡಿಂಗ್ ಯಾರದು?

ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ತಲೆ ಎತ್ತಿ ನಿಂತಿರುವ ಯುಟಿಲಿಟಿ ಬಿಲ್ಡಿಂಗ್ ಯಾವುದೋ ಕಂಪನಿಯದಲ್ಲ, ಯಾವ ಬಿಲ್ಡರನದೂ ಅಲ್ಲ. ಅದು ನಗರ ಪಾಲಿಕೆಯ ಸ್ವತ್ತು. ಅಂದರೆ ಕಂದಾಯ ಕಟ್ಟುವ ನಿಮ್ಮದು, ನಮ್ಮದು!

ಈ ರಸ್ತೆಯ ಹಳೆಯ ಹೆಸರು ಸೌತ್ ಪೆರೇಡ್. ಬ್ರಿಟಿಷರ ದಂಡು ಕವಾಯತು ಮಾಡಿದ ಮೈದಾನದ ಅಂಚು ಇದು. 1948ರಲ್ಲಿ ಗಾಂಧೀಜಿಯ ಹೆಸರು ಬಂತು. 1949ರಲ್ಲಿ ದಂಡು ಪ್ರದೇಶವೂ ಹಳೆಯ ನಗರವೂ ಕೂಡಿ ಒಂದೇ ಕಾರ್ಪೊರೇಷನ್ ಆಯಿತು. ಆ ಕಾರ್ಪೊರೇಷನ್ನೇ 1973ರ ಹೊತ್ತಿಗೆ ಇಲ್ಲಿ 25 ಅಂತಸ್ತಿನ ಕಟ್ಟಡ ಎಬ್ಬಿಸಿತು. ಆ ಕಾಲಕ್ಕೆ ಊರಿನಲ್ಲಿ ಅದಕ್ಕಿಂತ ಎತ್ತರದ್ದು ಇರಲಿಲ್ಲ. ದಾಖಲೆಯಲ್ಲಿ ಸುಭಾಷ್‌ಚಂದ್ರ ಬೋಸರ ಹೆಸರಿದೆ. ಜನರ ಬಾಯಲ್ಲಿ ಉಳಿದದ್ದು ಮಾತ್ರ ಇಂಗ್ಲಿಷಿನ ‘ಯುಟಿಲಿಟಿ’.

ಇದೇ ಕಟ್ಟಡದಲ್ಲಿ ಸಿಂಫೋನಿ ಎಂಬ ಚಿತ್ರಮಂದಿರವಿತ್ತು. ಇಂಗ್ಲಿಷ್ ಸಿನಿಮಾಕ್ಕೆ ಹೆಸರುವಾಸಿ. ಮುಂದೆ ಅದಕ್ಕೇ ನಮ್ಮ ಶಂಕರ್‌ನಾಗ್ ಹೆಸರು ಬಂತು. ಆಕಾಶ ಕಳಚಿ ಬಿತ್ತೇ? ಇಲ್ಲ! ಮನಸ್ಸಿದ್ದರೆ ಮಾರ್ಗ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

2023ರ ಡಿಸೆಂಬರ್ 27ರಂದು ಕನ್ನಡ ನಾಮಫಲಕಕ್ಕಾಗಿ ಕಾರ್ಯಕರ್ತರು ಬೀದಿಗಿಳಿದರು, ಜೈಲಿಗೂ ಹೋದರು. ಅದರ ಬೆನ್ನಿಗೇ 2024ರಲ್ಲಿ ಕಾನೂನಿಗೆ ತಿದ್ದುಪಡಿ ಬಂತು. ಫಲಕದಲ್ಲಿ ಶೇಕಡಾ 60 ಕನ್ನಡ ಇರಬೇಕು, ಅದೂ ಮೇಲಿನ ಅರ್ಧದಲ್ಲಿ. ಖಾಸಗಿ ಅಂಗಡಿಗೆ ನೋಟೀಸು ಕೊಡುವ ಪಾಲಿಕೆ, ತನ್ನ ಬಾಡಿಗೆದಾರರಿಗೆ ನೋಟೀಸು ಕೊಡುವವರೆಗೂ ಕಾಯಬೇಕಾಗಿಲ್ಲ. ಮನೆಯ ಯಜಮಾನನೇ ಅದು! ಬಾಡಿಗೆ ಕರಾರಿನಲ್ಲೇ ಒಂದು ಸಾಲು ಬರೆಯಲಿ: ಕನ್ನಡ ಫಲಕ ಇಲ್ಲದಿದ್ದರೆ ಕರಾರು ನವೀಕರಣ ಇಲ್ಲ. ಇದಕ್ಕೆ ಹೋರಾಟವೂ ಬೇಡ, ಲಾಠಿಯೂ ಬೇಡ. ಒಂದು ಸಹಿ ಸಾಕು.

ಅಕ್ಷರ ಅಚ್ಚು ಹಾಕುವ ಕಸುಬಿನವನಾಗಿ ಇನ್ನೊಂದು ಮಾತು. ಶೇಕಡಾ 60 ಎಂಬುದರಲ್ಲೂ ಕಳ್ಳದಾರಿ ಇದೆ. ಕನ್ನಡ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ಅದಕ್ಕೆಲ್ಲ ಜಾಗ ಬಿಟ್ಟರೆ ಅಕ್ಷರದ ಮೈ ಕುಗ್ಗುತ್ತದೆ. ಇಂಗ್ಲಿಷಿನ ದೊಡ್ಡಕ್ಷರಕ್ಕೆ ಈ ತೊಂದರೆ ಇಲ್ಲ, ಅಳತೆಯಷ್ಟೂ ತುಂಬಿಕೊಂಡು ನಿಲ್ಲುತ್ತದೆ. ಕನ್ನಡವನ್ನು ಸಣಕಲು ಅಕ್ಷರದಲ್ಲಿ, ಮಂಕು ಬಣ್ಣದಲ್ಲಿ ಬರೆದರೆ ಟೇಪು ಹಿಡಿದವನಿಗೆ ಅಳತೆ ಸರಿ, ರಸ್ತೆಯಲ್ಲಿ ನಿಂತವನಿಗೆ ಕನ್ನಡ ಕಾಣದು! ಆದ್ದರಿಂದ ಫಲಕದ ಜಾಗವನ್ನಷ್ಟೇ ಅಲ್ಲ, ಅಕ್ಷರದ ದಪ್ಪ, ಬಣ್ಣವನ್ನೂ ಕರಾರಿನಲ್ಲಿ ಗೊತ್ತು ಮಾಡಬೇಕು.

2017ರಲ್ಲಿ ಮೆಟ್ರೋ ನಿಲ್ದಾಣಗಳ ಹಿಂದಿ ಫಲಕದ ವಿರುದ್ಧ ಕನ್ನಡಿಗರು ದನಿ ಎತ್ತಿದರು, ಹಿಂದಿ ಹೋಯಿತು. ಈಗ ಅದೇ ಮೆಟ್ರೋ ಈ ರಸ್ತೆಯಲ್ಲೇ ಸಾಗುತ್ತದೆ. ದಿನವೂ ಅದರಲ್ಲಿ ಓಡಾಡುವ ಸಾವಿರಾರು ಜನರ ಕಣ್ಣಿಗೆ ನಮ್ಮದೇ ಕಟ್ಟಡ ಕನ್ನಡದಲ್ಲಿ ಕಾಣಲಿ.

ಕನ್ನಡಿಗರೇ, ಪಾಲಿಕೆಗೆ ಓಟು ಕೇಳಲು ಬರುವವರನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿ: ನಮ್ಮ ಕಟ್ಟಡದ ಬಾಡಿಗೆ ಕರಾರಿನಲ್ಲಿ ಕನ್ನಡ ಇದೆಯೇ? ಉತ್ತರ ಬಂದ ಮೇಲೆ ಓಟಿನ ಮಾತು!