ಕಾಲು ಹಿಡಿದು ಗೆದ್ದ ಪುಣೆ

2024ರ ಮಾರ್ಚ್ 1ರಂದು ಹೈದರಾಬಾದ್‌ನಲ್ಲಿ ಪುಣೇರಿ ಪಲ್ಟನ್ ಮೊದಲ ಸಲ ಪ್ರೊ ಕಬಡ್ಡಿ ಕಿರೀಟ ತೊಟ್ಟಿತು. ಹರಿಯಾಣ ಸ್ಟೀಲರ್ಸ್ ವಿರುದ್ಧದ ಆ ಫೈನಲ್‌ನ ಅಂಕ 28–25. ಒಂದು ತಂಡ ನಲವತ್ತು ಅಂಕ ದಾಟಿದರೂ ಯಾರೂ ಹುಬ್ಬೇರಿಸದ ಲೀಗ್‌ನಲ್ಲಿ ಇಂಥ ಜಿಪುಣ ಅಂಕಪಟ್ಟಿಗೆ ಕಾರಣ ಎರಡೂ ಕಡೆಯ ಹಿಡಿತಗಾರರು. ಆದರೂ ಆ ಪಂದ್ಯದಿಂದ ನೆನಪಿನಲ್ಲಿ ಉಳಿದದ್ದು ಪಂಕಜ್ ಮೋಹಿತೆ ಒಂದೇ ದಾಳಿಯಲ್ಲಿ ಬಾಚಿದ ನಾಲ್ಕು ಅಂಕ. ಕಾರ್ನರ್‌ನಲ್ಲಿ ನಿಂತು ಒಂದೊಂದಾಗಿ ನಾಲ್ಕು ಟ್ಯಾಕಲ್ ಅಂಕ ಕೂಡಿಹಾಕಿದ ಗೌರವ್ ಖತ್ರಿಯ ಹೆಸರು ಎಷ್ಟು ಮಂದಿಗೆ ಗೊತ್ತು?

ಪುಣೆಯ ಮಟ್ಟಿಗಂತೂ ಇದು ಅನ್ಯಾಯ. ಈ ತಂಡ ಮೇಲೆದ್ದಾಗಲೆಲ್ಲ ಅದರ ಹಿಂದೆ ಒಬ್ಬ ಗಟ್ಟಿ ಹಿಡಿತಗಾರ ಇದ್ದಾನೆ.

ಮೊದಲೆರಡು ಆವೃತ್ತಿಗಳಲ್ಲಿ ಪಲ್ಟನ್‌ಗೆ ಸಿಕ್ಕಿದ್ದು ಕಟ್ಟಕಡೆಯ ಸ್ಥಾನ. 2016ರಲ್ಲಿ ಬೆಂಗಳೂರು ಬುಲ್ಸ್‌ನಿಂದ ಮಂಜೀತ್ ಚಿಲ್ಲರ್ ನಾಯಕನಾಗಿ ಬಂದರು. ದಾಳಿಯೂ ಗೊತ್ತಿದ್ದ ಆಟಗಾರ, ಆದರೆ ಎದುರಾಳಿಗಳು ಹೆದರುತ್ತಿದ್ದದ್ದು ಅವರ ಹಿಡಿತಕ್ಕೆ. ಆ ವರ್ಷದ ಎರಡೂ ಆವೃತ್ತಿಗಳಲ್ಲಿ ಪುಣೆ ಮೂರನೇ ಸ್ಥಾನ ಪಡೆಯಿತು. ಮುಂದೆ ಗಿರೀಶ್ ಎರ್ನಾಕ್, ಸಂದೀಪ್ ನರ್ವಾಲ್, ಸುರ್ಜೀತ್ ಸಿಂಗ್ ಬಂದುಹೋದರು. 2022ರಲ್ಲಿ ಇರಾನ್‌ನ ಫಜಲ್ ಅತ್ರಾಚಲಿಗೆ ತಂಡ 1.38 ಕೋಟಿ ರೂಪಾಯಿ ತೆತ್ತಿತು. ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಭಾರತವನ್ನು ಮಣಿಸಿ ಚಿನ್ನ ಗೆದ್ದ ಇರಾನ್ ತಂಡದ ನಾಯಕ ಇವರೇ. ಆ ಆವೃತ್ತಿಯಲ್ಲಿ ಅವರು ಮಂಜೀತ್‌ರನ್ನು ಹಿಂದಿಕ್ಕಿ ಲೀಗ್ ಇತಿಹಾಸದಲ್ಲೇ ಅತಿ ಹೆಚ್ಚು ಟ್ಯಾಕಲ್ ಅಂಕ ಗಳಿಸಿದವರಾದರು. ಪುಣೆ ಮೊದಲ ಬಾರಿಗೆ ಫೈನಲ್ ತಲುಪಿ, ಜೈಪುರಕ್ಕೆ 33–29ರಲ್ಲಿ ಸೋತಿತು.

ಮರುವರ್ಷದ ಹರಾಜಿನಲ್ಲಿ ಇನ್ನೊಬ್ಬ ಇರಾನಿ, ಮೊಹಮ್ಮದ್‌ರೆಜಾ ಶಾದ್ಲೂಯಿಗೆ ಪುಣೆ 2.35 ಕೋಟಿ ಸುರಿಯಿತು. ಆ ಹರಾಜಿನಲ್ಲಿ ಅವರಿಗಿಂತ ಹೆಚ್ಚು ಬೆಲೆ ಬಂದದ್ದು ದಾಳಿಗಾರ ಪವನ್ ಸೆಹ್ರಾವತ್‌ಗೆ ಮಾತ್ರ. ಶಾದ್ಲೂಯಿ ಆವೃತ್ತಿಯ ಅತ್ಯುತ್ತಮ ಡಿಫೆಂಡರ್ ಆದರು, ಪಲ್ಟನ್ ಚಾಂಪಿಯನ್ ಆಯಿತು. ಆ ತಂಡವನ್ನು ಪಳಗಿಸಿದ ಕೋಚ್ ನಮ್ಮ ಬಿ.ಸಿ. ರಮೇಶ್, 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ ಕಪ್ ಗೆಲ್ಲಿಸಿಕೊಟ್ಟವರೂ ಅವರೇ.

ಹರಾಜು ಕೂಗುವವರಿಗೆ ಹಿಡಿತದ ಬೆಲೆ ಗೊತ್ತಾಗಿದೆ. ಅಂಕಪಟ್ಟಿಗೆ ಇನ್ನೂ ಗೊತ್ತಾಗಿಲ್ಲ. ದಾಳಿಗಾರ ಮೂವರನ್ನು ಮುಟ್ಟಿ ಬಂದರೆ ಮೂರು ಅಂಕವೂ ಅವನ ಖಾತೆಗೆ. ಅದೇ ಕಾರ್ನರ್‌ನವನು ಪಾದ ಹಿಡಿದು, ಕವರ್‌ನವನು ಎದೆಗೊಟ್ಟು, ಮತ್ತಿಬ್ಬರು ಮೇಲೆ ಬಿದ್ದು ದಾಳಿಗಾರನನ್ನು ಕೆಡವಿದರೆ ಸಿಗುವುದು ಒಂದಂಕ, ಅದೂ ಒಬ್ಬನ ಹೆಸರಿಗೆ. ಅಂಗಣದಲ್ಲಿ ಮೂವರೋ ಅದಕ್ಕಿಂತ ಕಡಿಮೆಯೋ ಉಳಿದಿದ್ದಾಗ ಮಾತ್ರ ಸೂಪರ್ ಟ್ಯಾಕಲ್‌ಗೆ ಎರಡಂಕ.

ಅಮೆರಿಕನ್ ಫುಟ್‌ಬಾಲ್‌ನ ಆಫೆನ್ಸಿವ್ ಟ್ಯಾಕಲ್‌ಗಳ ಪಾಡೂ ಹೀಗೆಯೇ. ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್‌ನ ಮೈಮೇಲೆ ಯಾರೂ ಬೀಳದಂತೆ ತಡೆಯುವ ಈ ದೈತ್ಯರಿಗೆ ಎಸೆತದ ಲೆಕ್ಕವೂ ಇಲ್ಲ, ಓಟದ ಲೆಕ್ಕವೂ ಇಲ್ಲ. ಆದರೂ ಅಲ್ಲಿನವರು ಸಿನ್ಸಿನಾಟಿ ಬೆಂಗಾಲ್ಸ್‌ನ ಆಂಥನಿ ಮುನ್ಯೋಜ್‌ರನ್ನು 1998ರಲ್ಲಿ ಹಾಲ್ ಆಫ್ ಫೇಮ್‌ಗೆ ಸೇರಿಸಿದರು. ಅಂಕಿಗಳಲ್ಲಿ ಕಾಣದ ಕೆಲಸವನ್ನು ಕಣ್ಣಿಟ್ಟು ನೋಡುವವರು ಅಲ್ಲಿದ್ದರು.

ಪ್ರೇಕ್ಷಕರು ಬರುವುದೇ ದಾಳಿ ನೋಡಲು ಎಂಬ ವಾದವಿದೆ. ಮೂವತ್ತು ಸೆಕೆಂಡಿನ ರೋಮಾಂಚನ ಯಾರಿಗೆ ಬೇಡ? ಆದರೆ ಹಿಡಿಯುವವನು ಇಲ್ಲದಿದ್ದರೆ ಆ ಮೂವತ್ತು ಸೆಕೆಂಡು ಬರೀ ಓಡಾಟ. ದಕ್ಷಿಣ ಕನ್ನಡದ ಊರ ಪಂದ್ಯಗಳಲ್ಲಿ ಉತ್ತಮ ದಾಳಿಗಾರನ ಜೊತೆಗೆ ಉತ್ತಮ ಹಿಡಿತಗಾರನನ್ನೂ ವೇದಿಕೆಗೆ ಕರೆಯುತ್ತಾರೆ. ಲೀಗ್ ಕೂಡ ಆವೃತ್ತಿಯ ಕೊನೆಗೆ ಅಷ್ಟು ಮಾಡುತ್ತದೆ. ದಿನದಿನದ ಪಂದ್ಯದ ವರದಿಯಲ್ಲೂ ಆ ನ್ಯಾಯ ಸಿಗಬೇಕು: ಟ್ಯಾಕಲ್ ಅಂಕದ ಪಕ್ಕ, ಮೊದಲು ಕಾಲಿಗೆ ಕೈ ಹಾಕಿದವನ ಮತ್ತು ಆಸರೆ ಕೊಟ್ಟವನ ಹೆಸರನ್ನೂ ಅಚ್ಚು ಹಾಕಲಿ. ಕ್ರಿಕೆಟ್ ಅಂಕಪಟ್ಟಿಯಲ್ಲಿ ಕ್ಯಾಚ್ ಹಿಡಿದವನಿಗೂ ಬೌಲರ್‌ಗೂ ಒಂದೇ ಸಾಲಿನಲ್ಲಿ ಜಾಗ ಸಿಗುವಾಗ, ಕಬಡ್ಡಿಯಲ್ಲಿ ಇದು ಆಗದ ಕೆಲಸವೇನಲ್ಲ.