ಗೀಚಿದ್ದನ್ನು ಇಟ್ಟುಕೊಳ್ಳಬೇಕೆ?

ಸಾಫ್ಟ್‌ವೇರ್ ಬರೆಯುವಾಗ ಪರೀಕ್ಷೆಗೆಂದು ಗೀಚಿಕೊಂಡ ಕೋಡ್, ಟಿಪ್ಪಣಿಗಳು ಕೆಲಸ ಮುಗಿದ ಮೇಲೂ ಎಲ್ಲರ ರೆಪೊಸಿಟರಿಯಲ್ಲಿ ಇರಬೇಕೆ? ಒಂದೇ ಕಚೇರಿಯ ಇಬ್ಬರ ವಾದ ಇಲ್ಲಿದೆ.

ಪರ

ರಾಜಾಜಿನಗರದ ನಮ್ಮ ಸಣ್ಣ ಕಚೇರಿಯಲ್ಲಿ ಅಂಗಡಿಗಳಿಗೆ ಕನ್ನಡ ಬಿಲ್ಲಿನ ಸಾಫ್ಟ್‌ವೇರ್ ಮಾಡುತ್ತೇವೆ. ಒಮ್ಮೆ ಬಿಲ್ಲಿನಲ್ಲಿ ‘ಸೂರ್ಯ’ ಸರಿಯಾಗಿ ಬಂತು, ‘ರ‍್ಯಾಕ್’ ಮಾತ್ರ ಅರ್ಕಾವತ್ತು ಹೊತ್ತು ‘ರ್ಯಾಕ್’ ಎಂದು ಅಚ್ಚಾಯಿತು. ಯೂನಿಕೋಡ್‌ನಲ್ಲಿ ರ, ಹಲಂತ, ಯ ಒಂದರ ಹಿಂದೊಂದು ಬಂದರೆ ಮೂಡುವುದು ಅರ್ಕಾವತ್ತೇ. ರಕಾರ ಮೇಲೆ ನಿಂತು ಯಕಾರ ಒತ್ತಾಗಬೇಕಿದ್ದರೆ, ರ ಆದ ತಕ್ಷಣ ಜೀರೊ ವಿಡ್ತ್ ಜಾಯ್ನರ್ ಎಂಬ ಕಣ್ಣಿಗೆ ಕಾಣದ ಅಕ್ಷರ ಇರಬೇಕು. ಕಾಣದ ಅಕ್ಷರಗಳನ್ನೆಲ್ಲ ಗುಡಿಸಿಹಾಕುತ್ತಿದ್ದ ನಮ್ಮದೇ ಒಂದು ಸಾಲು ಅದನ್ನೂ ಗುಡಿಸಿತ್ತು. ಇದನ್ನು ಪತ್ತೆ ಮಾಡಲು 2 ದಿನ ಹಿಡಿಯಿತು. 12 ಸಾಲಿನ ಸ್ಕ್ರಿಪ್ಟ್, ಅರ್ಧ ಪುಟ ಟಿಪ್ಪಣಿ ಬರೆದಿದ್ದೆ.

ಕೆಲಸ ಮುಗಿಯಿತೆಂದು ಎರಡನ್ನೂ ಅಳಿಸಿದರು. ವರ್ಷ ಕಳೆಯುವಷ್ಟರಲ್ಲಿ ಹೊಸಬನೊಬ್ಬ ಅದೇ ಸಾಲನ್ನು ಒಳ್ಳೆಯ ಮನಸ್ಸಿನಿಂದಲೇ ಮತ್ತೆ ಸೇರಿಸಿದ. ಮತ್ತೆ ಅದೇ ‘ರ್ಯಾಕ್’, ಮತ್ತೆ 2 ದಿನ. ಆ ಹುಡುಗನ ಮುಖ ನೋಡಿ ನನಗೆ ನಿಜಕ್ಕೂ ಬೇಸರವಾಯಿತು. ಎಚ್ಚರಿಸುವ ಒಂದು ಚೀಟಿಯನ್ನೂ ನಾವು ಅವನಿಗೆ ಉಳಿಸಿರಲಿಲ್ಲ.

ಡೊನಾಲ್ಡ್ ಕ್ನೂತ್ ತಮ್ಮ ಟೆಕ್ ಅಕ್ಷರಜೋಡಣೆ ತಂತ್ರಾಂಶದ ಒಂದೊಂದು ತಪ್ಪನ್ನೂ 1978ರಿಂದ ಬರೆದಿಟ್ಟು, 1989ರಲ್ಲಿ ಆ ಪಟ್ಟಿಯ ಮೇಲೆ ಪ್ರಬಂಧವನ್ನೇ ಪ್ರಕಟಿಸಿದರು. ಅಷ್ಟು ದೊಡ್ಡವರೇ ಇಟ್ಟುಕೊಂಡರು. ನಾವೇಕೆ ಎಸೆಯಬೇಕು?

ವಿರೋಧ

ಆ ಎರಡು ದಿನವೂ ನಾನು ಮೇಡಂ ಪಕ್ಕದಲ್ಲೇ ಕೂತಿದ್ದೆ. ಆದರೂ ಕೇಳುತ್ತೇನೆ: ಸ್ಕ್ರಿಪ್ಟ್ ಉಳಿದಿದ್ದರೆ ಹೊಸಬ ಅದನ್ನು ತೆರೆಯುತ್ತಿದ್ದನೇ? ‘ಟೆಸ್ಟ್2’, ‘ಹೊಸಟೆಸ್ಟ್’ ಎಂಬ ಹತ್ತಾರು ಫೈಲುಗಳ ನಡುವೆ ಅದೂ ಒಂದಾಗಿರುತ್ತಿತ್ತು. ಬೇಕಿದ್ದದ್ದು ಕಾಯಂ ಪರೀಕ್ಷೆ: ಆ ಸಾಲು ಮರಳಿ ಬಂದ ಗಳಿಗೆಯೇ ಫೇಲ್ ಆಗುವಂಥದ್ದು. ಕಾರಣವನ್ನು ಕಮಿಟ್ ಸಂದೇಶದಲ್ಲಿ ಬರೆದರೆ ಅದು ಕೋಡಿನ ಜೊತೆಯೇ ಇರುತ್ತದೆ.

ನಾನು ಕಾಮಾಕ್ಷಿಪಾಳ್ಯದಲ್ಲಿ ಲೇತ್ ಸದ್ದು ಕೇಳುತ್ತಾ ಬೆಳೆದವನು. ಅಲ್ಲಿ ಕೆಲಸದ ತುಂಡನ್ನು ಹಿಡಿದಿಡುವ ಜಿಗ್‌ಗೆ ನಂಬರ್ ಹಾಕಿ ಕಪಾಟಿನಲ್ಲಿಡುತ್ತಾರೆ, ಕಬ್ಬಿಣದ ಚೂರನ್ನು ಸಂಜೆಗೇ ಗುಡಿಸುತ್ತಾರೆ. ಚೂರು ಬಿಟ್ಟರೆ ಕಾಲಿಗೆ ಚುಚ್ಚುತ್ತದೆ. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಷೇರು ಸಂಸ್ಥೆಗೆ ಚುಚ್ಚಿದ್ದು ಹೀಗೆಯೇ. ವರ್ಷಗಳಿಂದ ಬಳಸದ ಕೋಡ್ ಸರ್ವರ್‌ನಲ್ಲಿ ಉಳಿದಿತ್ತು. ಅದರ ಹಳೆಯ ಸ್ವಿಚ್ಚನ್ನೇ ಹೊಸ ಕೆಲಸಕ್ಕೆ ಬಳಸಿದರು. 8 ಸರ್ವರ್‌ಗಳ ಪೈಕಿ ಒಂದಕ್ಕೆ ಹೊಸ ಕೋಡ್ ಹೋಗಿರಲಿಲ್ಲ, ಅಲ್ಲಿ ಆ ಸ್ವಿಚ್ಚಿಗೆ ಹಳೆಯ ಕೋಡೇ ಎದ್ದು ಓಡಿತು. ಸುಮಾರು 45 ನಿಮಿಷದಲ್ಲಿ 40 ಕೋಟಿ ಡಾಲರಿಗೂ ಹೆಚ್ಚು ಹೋಯಿತು.

ಗೀಚಲು ಜಾಗ ಬೇಕೇ ಬೇಕು, ಒಪ್ಪುತ್ತೇನೆ. ಗಿಟ್‌ನ ‘ಇನ್ಫೋ/ಎಕ್ಸ್‌ಕ್ಲೂಡ್’ ಫೈಲಿನಲ್ಲಿ ಫೋಲ್ಡರಿನ ಹೆಸರು ಬರೆದರಾಯಿತು. ಆ ಫೋಲ್ಡರ್ ನಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಒಮ್ಮೆ ಕಮಿಟ್ ಆಗಿಬಿಟ್ಟರೆ, ಆಮೇಲೆ ಫೈಲ್ ಅಳಿಸಿದರೂ ಇತಿಹಾಸದಲ್ಲಿ ಸಿಗುತ್ತಲೇ ಇರುತ್ತದೆ.

ಆ 12 ಸಾಲನ್ನು ಕಮಿಟ್ ಆಗುವ ಮೊದಲೇ ಅಳಿಸಿದವನು ನಾನು. ಪರೀಕ್ಷೆಗೆಂದು ಅದರೊಳಗೆ ಅಂಟಿಸಿದ್ದ ಬಿಲ್ಲುಗಳಲ್ಲಿ ಗಿರಾಕಿಗಳ ನಿಜವಾದ ಹೆಸರು, ಫೋನ್ ನಂಬರ್ ಇದ್ದವು.